ಹುಣ್ಣಿಮೆಯ ತನಕ ಎತ್ತಬಾರದ ಡಬ್ಬಿ

ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿದ್ದ ದಾಮೋದರ ಶೇಠರ ಚಾದರ ಕಾರ್ಖಾನೆಯಲ್ಲಿ ನಲವತ್ತು ಮಗ್ಗಗಳಿದ್ದವು, ಒಂದೇ ಒಂದು ಕಂಪ್ಯೂಟರ್ ಇತ್ತು. ಮಗ್ಗ ಕೆಟ್ಟರೆ ಫಿಟ್ಟರನಿಗೆ ಬೈಗುಳ, ಕಂಪ್ಯೂಟರ್ ಕೆಟ್ಟರೆ ಸ್ನೇಹಲಳಿಗೆ ಬೈಗುಳ ಎಂಬುದು ಅಲ್ಲಿಯ ಕಾಯಿದೆ. ಆದರೆ ಮೂರು ವರ್ಷದಲ್ಲಿ ಅದು ಒಂದು ದಿನವೂ ಕೆಟ್ಟಿರಲಿಲ್ಲ. ಹಾಗಾಗಿ ಸ್ನೇಹಲಳ ಪಾಲಿನ ಬೈಗುಳವೆಲ್ಲ ಶೇಠರ ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ಆ ವರ್ಷ ದಸರೆಯ ಮರುದಿನ ಅದು ಒಂದೇ ಸಲಕ್ಕೆ ಹೊರಗೆ ಬಂತು.

ಆ ಕಂಪ್ಯೂಟರ್ ಬ್ಯಾಂಕಿನಲ್ಲೋ ಎಸ್‌ಟಿಡಿ ಬೂತಿನಲ್ಲೋ ಕಾಣುವ ಜಾತಿಯದಲ್ಲ. ಯುನಿಕ್ಸ್ ವರ್ಕ್‌ಸ್ಟೇಷನ್ ಎನ್ನುವ ಗಟ್ಟಿಮುಟ್ಟಾದ ಯಂತ್ರ. ಮುಂಬಯಿಯಲ್ಲಿ ಬಾಗಿಲು ಹಾಕಿದ ಯಾವುದೋ ಡಿಸೈನ್ ಆಫೀಸಿನಿಂದ ಹಳೆಯ ಮಾಲಾಗಿ ಬಂದದ್ದು. ಚಾದರದ ಮೇಲೆ ನವಿಲು, ಆನೆ, ಹೂಬಳ್ಳಿ ಮೂಡಬೇಕಾದರೆ ಮೊದಲು ಅದನ್ನು ಚೌಕಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬಿ ಬರೆಯಬೇಕು. ಒಂದು ಮನೆ ಎಂದರೆ ಒಂದು ಎಳೆ. ನಲವತ್ತು ವರ್ಷ ಆ ಕೆಲಸವನ್ನು ಕೈಯಿಂದ ಮಾಡಿದವರು ಗ್ರಾಫ್ ಮಾಸ್ತರ ಸಾತಲಿಂಗಪ್ಪ. ಅವರು ಬರೆದ ಮುನ್ನೂರ ಹನ್ನೆರಡು ಡಿಸೈನುಗಳನ್ನು ಎರಡು ವರ್ಷ ಕೂತು ಕಂಪ್ಯೂಟರಿಗೆ ಇಳಿಸಿದವಳು ಸ್ನೇಹಲ. ಮಾಸ್ತರರು ನಿವೃತ್ತರಾಗಿ ಅಕ್ಕಲಕೋಟದ ತಮ್ಮ ಮನೆ ಸೇರಿದ್ದರು. ಸ್ನೇಹಲಳೂ ಅಕ್ಕಲಕೋಟದವಳೇ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು.

ಹಿಂದಿನ ವರ್ಷಗಳಲ್ಲಿ ದಸರೆಯಲ್ಲೂ ಕೆಲಸ ಸುರಿಯುತ್ತಿದ್ದುದರಿಂದ ಕಂಪ್ಯೂಟರಿಗೆ ಬಿಡುವೆಂಬುದೇ ಇರಲಿಲ್ಲ. ಕರೆಂಟು ಹೋದರೂ ಯುಪಿಎಸ್ ಅದನ್ನು ಎಚ್ಚರವಾಗಿಯೇ ಇಡುತ್ತಿತ್ತು. ಈ ವರ್ಷ ಶೇಠರ ತಾಯಿ ಕಾಶೀಬಾಯಿ ಹಟ ಹಿಡಿದರು. “ಎತ್ತಿಗೂ ಕಾರಹುಣ್ಣಿಮಿಗೆ ನೊಗ ಇಳಸ್ತಾರ. ಅದೇನು ಪಾಪ ಮಾಡೇತಿ?” ಎಂದರು. ಎಂಬತ್ತರ ಹತ್ತಿರದ ಆ ಮುದುಕಿಯ ಮಾತನ್ನು ಸೋಲಾಪುರದ ಮಾರ್ಕೆಟ್ಟಿನಲ್ಲಿ ಹುಲಿಯಂತೆ ತಿರುಗುವ ದಾಮೋದರ ಶೇಠರು ಮನೆಯಲ್ಲಿ ಮೀರಿದ್ದೇ ಇಲ್ಲ. ಆಯುಧಪೂಜೆಯ ಖಂಡೇನವಮಿಯ ಮುನ್ನಾದಿನ ಸ್ನೇಹಲ ಶಾಸ್ತ್ರೋಕ್ತವಾಗಿ ಅದನ್ನು ಬಂದ್ ಮಾಡಿ, ಅರಿಶಿನ ಕುಂಕುಮ ಹಚ್ಚಿ, ಬಾಗಿಲು ಹಾಕಿಕೊಂಡು ಹೋದಳು.

ದಸರೆ ಮುಗಿಸಿ ಸೋಮವಾರ ಬಂದು ಸ್ವಿಚ್ ಹಾಕಿದರೆ, ಬಿಳಿಯ ಪರದೆಯ ಮೇಲೆ ಕಪ್ಪು ಅಕ್ಷರಗಳಲ್ಲಿ ಯಂತ್ರ ಏನೇನೋ ಬಡಬಡಿಸತೊಡಗಿತು. ನನ್ನ ನೆನಪಿನಲ್ಲಿ ಇರಬೇಕಾದದ್ದು ಇಲ್ಲ ಎಂದಿತು. ಆಮೇಲೆ ಇಲ್ಲದ ನೆಟ್‌ವರ್ಕಿನಲ್ಲಿ ಯಾರನ್ನೋ ಕೂಗಿ ಕೂಗಿ, ಉತ್ತರ ಬರಲಿಲ್ಲ, ಉತ್ತರ ಬರಲಿಲ್ಲ ಎಂದು ಅದನ್ನೇ ಬರೆಯುತ್ತಾ ಹೋಯಿತು. ಸ್ನೇಹಲ ತನಗೆ ಗೊತ್ತಿದ್ದ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿ ಅದರ ಬಾಯಿ ಮುಚ್ಚಿಸಿದಳು. ಆಗ ಅದು ಸಣ್ಣ ಅಕ್ಷರದಲ್ಲಿ ‘ಓಕೆ’ ಎಂದು ಬರೆದು, ಮುಂದಿನ ಅಪ್ಪಣೆಗಾಗಿ ಕಾಯುತ್ತ ನಿಂತಿತು. ಏನೂ ಸರಿಯಿಲ್ಲದಾಗ ಮಾತ್ರ ಓಕೆ ಎನ್ನುವ ಪ್ರಾಣಿ ಜಗತ್ತಿನಲ್ಲಿ ಅದೊಂದೇ ಇರಬೇಕು.

ಪುಣೆಗೆ ಟ್ರಂಕ್ ಕಾಲ್ ಹಚ್ಚಿದಂತೆ ಅರ್ಧ ಗಂಟೆ ಒದ್ದಾಡಿ ಫೋನ್ ಸಿಕ್ಕಿತು. ಅಲ್ಲಿಯ ರಿಪೇರಿ ಕಂಪನಿಯಲ್ಲಿ ಇಂಜಿನಿಯರ್ ನಿಖಿಲ ಎಂಬವನಿದ್ದ. ವಯಸ್ಸು ಚಿಕ್ಕದು, ಮಾತು ಚುರುಕು, ಪುರುಸೊತ್ತು ಕಡಿಮೆ. ಅವನು ಮರಾಠಿಯಲ್ಲಿ ಹೇಳಿದಂತೆ ಸ್ನೇಹಲ ‘ಬೂಟ್ ಡಿಸ್ಕ್’ ಎಂದು ಟೈಪ್ ಮಾಡಿದಳು. ಡಿಸ್ಕಿನಲ್ಲಿರುವ ಸಿಸ್ಟಮ್ಮನ್ನು ಎಬ್ಬಿಸು ಎಂದು ಅದರ ಅರ್ಥ. ಯಂತ್ರ ಸ್ವಲ್ಪ ಗುರುಗುಟ್ಟಿ, ಈ ಡಿಸ್ಕಿನಲ್ಲಿ ಸಿಕ್ಕಿದ್ದು ನಡೆಸುವಂಥ ಸಿಸ್ಟಮ್ಮೇ ಅಲ್ಲ ಎಂದು ಉತ್ತರ ಕೊಟ್ಟಿತು. ಎರಡನೇ ಸಲವೂ ಅದೇ, ಮೂರನೇ ಸಲವೂ ಅದೇ.

ನಿಖಿಲ ತನ್ನ ತೀರ್ಪು ಹೇಳಿದ. ಒಳಗೆ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಅದು ಎಂದೋ ಸತ್ತಿದೆ. ಕರೆಂಟು ಇರುವ ತನಕ ಯಂತ್ರ ತನ್ನ ಸೆಟ್ಟಿಂಗನ್ನೆಲ್ಲ ನೆನಪಿಟ್ಟುಕೊಂಡಿತ್ತು, ನೀವು ಬಂದ್ ಮಾಡಿದ್ದೇ ಎಲ್ಲ ಮರೆಯಿತು. ಅದರ ಮೇಲೆ ಡಿಸ್ಕಿನ ಸಿಸ್ಟಮ್ಮೂ ಹಾಳಾಗಿದೆ. ಬೇರೆ ಡಿಸ್ಕು ಇದೆಯೇ? ಇಲ್ಲ ಎಂದಳು ಸ್ನೇಹಲ. ಹಾಗಾದರೆ ಬುಧವಾರ ಬರುತ್ತೇನೆ, ಡಿಸ್ಕನ್ನು ಪೂರ್ತಿ ಒರೆಸಿ ಹೊಸದಾಗಿ ಸಿಸ್ಟಮ್ ಹಾಕಿ ಸಂಜೆ ಗಾಡಿಗೆ ವಾಪಸು ಹೋಗುತ್ತೇನೆ ಎಂದ.

“ಅದರೊಳಗಿನ ಡಿಸೈನು?” ಎಂದು ಸ್ನೇಹಲ ಕೇಳಿದಳು.

ಟೇಪಿನಲ್ಲಿ ನಕಲು ಇದೆಯಲ್ಲ ಎಂದು ಅವನು ಕೇಳಿದ. ಟೇಪಿನ ಯಂತ್ರ ಕೆಟ್ಟು ವರ್ಷವಾಗಿತ್ತು. ರಿಪೇರಿ ಮಾಡಿಸೋಣ ಎಂದು ಶೇಠರು ಪ್ರತಿ ತಿಂಗಳೂ ಅಂದಿದ್ದರು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಇಲ್ಲಿ ಬುದ್ಧಿಯೂ ಇನ್ನೂ ಬಂದಿರಲಿಲ್ಲ. ಅದನ್ನು ಕೇಳಿ ನಿಖಿಲ, ಹಾಗಾದರೆ ಅವು ಹೋದಂತೆಯೇ ಎಂದು ಫೋನ್ ಇಟ್ಟ.

ಶೇಠರು ಎಲ್ಲ ಕೇಳಿಸಿಕೊಂಡಿದ್ದರು. “ಹ್ವಾದ ದೀಪಾವಳಿಗೆ ನಾ ಏನ್ ಕೇಳಿದ್ನಿ? ಎಲ್ಲಾ ಒಳಗ ಹೋಗ್ಯಾವೇನು ಅಂತ ಕೇಳಿದ್ನಿಲ್ಲೋ? ಎಲ್ಲಾ ಅವ್ರಿ ಮಾಲಕ್ರ ಅಂದಿ ನೀ! ನಿನ್ನ ಮಾತಿನ ಮ್ಯಾಲ ಮಾಸ್ತರನ ಕಾಗದ ಅಷ್ಟೂ ರದ್ದಿಗೆ ಹಾಕಿದ್ನಿ. ಈಗ ಏನ್ ತಲಿ ಮ್ಯಾಲ ನೇಯೂದು?”

ಮೂರು ವರ್ಷದ ಬೈಗುಳಕ್ಕಿಂತ ಸ್ನೇಹಲಳನ್ನು ಹೆಚ್ಚು ಚುಚ್ಚಿದ್ದು ಆ ದೀಪಾವಳಿಯ ನೆನಪು. ಗೆದ್ದಲು ಹತ್ತಿದ ಕಟ್ಟುಗಳನ್ನು ಮಾಸ್ತರರೇ ಕೂತು ಹಗ್ಗ ಬಿಗಿದು ಕೊಟ್ಟಿದ್ದರು. ಕೊನೆಯ ಕಟ್ಟನ್ನು ಕೊಡುವಾಗ, “ಒಳಗ ಛಂದ ಇಟ್ಟೀಯಿಲ್ಲೋ ಯವ್ವಾ?” ಎಂದು ಕೇಳಿದ್ದರು. ಅವರಿಗೂ ಅವಳು ಹೌದೆಂದಿದ್ದಳು. ಬುಧವಾರ ಆ ಪುಣೆಯವನು ಒಂದು ಗುಂಡಿ ಒತ್ತಿದರೆ ಒಬ್ಬ ಮನುಷ್ಯನ ನಲವತ್ತು ವರ್ಷ ಒರೆಸಿ ಹೋಗುತ್ತದೆ, ಅದಕ್ಕೆ ತಾನು ಜಾಮೀನು ಹೇಳಿದ್ದೆ ಎಂದು ನೆನೆದು ಅವಳಿಗೆ ಅಳು ಬಂತು. ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಮತ್ತೆ ಕೀಲಿಮಣೆಯ ಮುಂದೆ ಕೂತಳು.

ಸೋಮವಾರ ಉಳಿದ ಹೊತ್ತು, ಮಂಗಳವಾರ ಇಡೀ ದಿನ, ಯಂತ್ರದ ಜೊತೆ ಬಂದಿದ್ದ ದಪ್ಪ ಪುಸ್ತಕ ತೆರೆದಿಟ್ಟುಕೊಂಡು ಸಿಕ್ಕ ಸಿಕ್ಕ ಅಪ್ಪಣೆಯನ್ನೆಲ್ಲ ಕೊಟ್ಟು ನೋಡಿದಳು. ನಿನಗೆ ಯಾವ ಯಾವ ಡಿಸ್ಕು ಕಾಣುತ್ತದೆ ಎಂದು ಕೇಳುವ ಅಪ್ಪಣೆಯೊಂದಿತ್ತು. ಕೇಳಿದರೆ ಒಂದೇ ಸಾಲು ಬಂತು: ನಂಬರ್ ಮೂರು, ಡಿಸ್ಕ್. ಅದನ್ನು ಎಬ್ಬಿಸಿದರೆ ಮತ್ತದೇ ರಾಗ. ಮಂಗಳವಾರ ಸಂಜೆ ಅಕ್ಕಲಕೋಟದ ಬಸ್ಸಿನಲ್ಲಿ ಕೂತಾಗ ಅವಳಿಗೆ ಒಂದು ಮಾತು ಹೊಳೆಯಿತು. ಯಂತ್ರ ಬಂದ ದಿನ ತಾನು ಇನ್ನೂ ಕೆಲಸಕ್ಕೆ ಸೇರಿರಲಿಲ್ಲ, ಆದರೆ ಮಾಸ್ತರರು ಅಲ್ಲಿದ್ದರು. ಹೋಗಿ ಕೇಳಬಹುದು. ಕೇಳಬೇಕಾದರೆ ನಡೆದದ್ದನ್ನೆಲ್ಲ ಮೊದಲು ಹೇಳಬೇಕು. ಬಸ್ಸು ಕುಂಭಾರಿ ದಾಟುವ ತನಕ ಹೋಗುವುದೋ ಬೇಡವೋ ಎಂದು ಯೋಚಿಸಿ, ಇಳಿದವಳು ನೆಟ್ಟಗೆ ಮಾಸ್ತರರ ಮನೆಗೇ ನಡೆದಳು.

ದೀಪ ಹಚ್ಚುವ ಹೊತ್ತು. ಸಾತಲಿಂಗಪ್ಪ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಸ್ನೇಹಲ ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟಳು. ಅವರು ಒಂದು ಮಾತೂ ಬೈಯಲಿಲ್ಲ. ಎದ್ದು ಒಳಗೆ ಹೋಗಿ ಟ್ರಂಕಿನ ತಳದಿಂದ ನಾಲ್ಕು ಮಡಿಕೆಯ ಚೌಕಳಿ ಕಾಗದವೊಂದನ್ನು ತಂದು ಅವಳ ಮುಂದೆ ಬಿಡಿಸಿದರು.

“ಅವತ್ತ ಅದು ಮೊದಲ ಸಲ ಸುರು ಆದಾಗ ಪಡದಿ ಮ್ಯಾಲ ಬಂದದ್ದು ಇದು. ನಾ ಇಳಿಸಿಕೊಂಡೀನಿ.”

ಸ್ನೇಹಲ ನೋಡಿದಳು, ಬಾಯಿ ತೆರೆದಳು, ಮುಚ್ಚಲು ಮರೆತಳು. ಪರದೆಯ ಒಂದೊಂದು ಅಕ್ಷರವೂ ಚುಕ್ಕೆ ಚುಕ್ಕೆಯಾಗಿ, ಮನೆ ಮನೆಯಾಗಿ, ನೀಲಿ ಶಾಯಿಯಲ್ಲಿ ಕಾಗದಕ್ಕೆ ಇಳಿದಿತ್ತು. ಒಂದು ಸಾಲೂ ಬಿಟ್ಟಿರಲಿಲ್ಲ.

“ಮಾಸ್ತರ, ನಿಮಗ ಇಂಗ್ಲಿಷ್ ಬರ್ತದೇನ್ರಿ?”

“ಎಲ್ಲಿದು ತಗಿ. ನಾ ಕನ್ನಡ ಸಾಲಿ ನಾಕನೇತ್ತಾ. ಆದ್ರ ಅಕ್ಷರ ಅಂದ್ರೂ ಚೌಕಳಿನ ಅಲ್ಲೇನವಾ? ನಂಗ ಓದಾಕ ಬರೂದಿಲ್ಲ, ಮನಿ ಎಣಸಾಕ ಬರ್ತದ. ಯಂತ್ರ ಕೂಡಸಾಕ ಬಂದಿದ್ದ ಆ ಮುಂಬೈ ಹುಡುಗ ನಕ್ಕ. ನಕ್ರ ನಗವಲ್ಲನ್ಯಾಕ ಅಂತ ನಾ ಬರದ್ನಿ.”

ಕಣ್ಣಿಗೆ ಕಂಡ ಯಾವ ನಮೂನೆಯನ್ನೂ ಬಿಡದೆ ಚೌಕಳಿಗೆ ಇಳಿಸುವುದು ಅವರ ಚಾಳಿ. ಮದುವೆಗೆ ಹೋದರೆ ಬೀಗಿತ್ತಿಯ ಸೀರೆಯ ಅಂಚು, ಗುಡಿಗೆ ಹೋದರೆ ಕಿಟಕಿಯ ಜಾಲರಿ, ಎಲ್ಲ ಕಾಗದಕ್ಕೆ. ಮನೆಯವರು ಇದಕ್ಕಾಗಿ ಅವರನ್ನು ಆಡಿಕೊಂಡದ್ದು ಒಂದೆರಡು ಸಲವಲ್ಲ.

ಸ್ನೇಹಲ ಸಾಲುಗಳ ಮೇಲೆ ಬೆರಳಾಡಿಸುತ್ತ ಬಂದು ನಡುವೆ ನಿಂತಳು. ಅಲ್ಲಿ ಡಿಸ್ಕುಗಳ ಪಟ್ಟಿಯಿತ್ತು. ನಂಬರ್ ಒಂದು, ಡಿಸ್ಕ್. ನಂಬರ್ ಮೂರು, ಡಿಸ್ಕ್. ಒಂದಲ್ಲ, ಎರಡು!

“ಎರಡನ ಇದ್ವು,” ಎಂದರು ಮಾಸ್ತರರು. “ಆ ಹುಡುಗ ತಿಳಿಸಿ ಹೇಳಿದ್ದ. ಒಳಗಿಂದು ಗೋದಾಮು ಅಂತ, ಮಾಲು ಅಷ್ಟೂ ಅದರಾಗ. ಹೊರಗಿನ ಡಬ್ಬಿ ಮುನೀಮ. ಮುನೀಮ ಬಂದು ಕೀಲಿ ತಗದ್ರನ ಗೋದಾಮು ತೆರೀತದಂತ.”

ಹಾಗಾದರೆ ಡಿಸೈನುಗಳು ಹಾಳಾಗಿಲ್ಲ. ನಿಖಿಲ ಒರೆಸಲು ಹೊರಟದ್ದು ಕೆಟ್ಟ ಸಿಸ್ಟಮ್ಮನ್ನಲ್ಲ, ತುಂಬಿದ ಗೋದಾಮನ್ನು. ಅದರಲ್ಲಿ ಸಿಸ್ಟಮ್ ಎಂದೂ ಇರಲೇ ಇಲ್ಲ!

“ಹೊರಗಿನ ಡಬ್ಬಿ ಅಂದ್ರ ಯಾವುದ್ರಿ ಮಾಸ್ತರ?”

“ಬೂದಿ ಬಣ್ಣದ್ದವಾ. ಊಟದ ಡಬ್ಬಿಕಿಂತ ಜರಾ ದೊಡ್ಡದು. ಮೇಜಿನ ಕೆಳಗ ಇರತಿತ್ತು, ಹಿಂದ ಒಂದು ದಪ್ಪ ವೈರು.”

ಆ ಡಬ್ಬಿ ಎಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಎನ್ನುವುದೂ ಇಲ್ಲಿ ಸಾಲದು. ಇವಳು ಕೂಸನ್ನು ತಾನೇ ಹೊರಿಸಿ ಕಳಿಸಿದ್ದಳು.

ಶೇಠರ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಖಂಡೇನವಮಿಗೆ ಕಾರ್ಖಾನೆಯ ಒಂದೊಂದು ಖಾತೆಯಿಂದ ಒಂದೊಂದು ಹತ್ಯಾರ ಅವರ ಮನೆಯ ದೇವರ ಕೋಣೆಗೆ ಹೋಗಬೇಕು. ಮಗ್ಗದಿಂದ ಲಾಳಿ, ಕತ್ತರಿಸುವಲ್ಲಿಂದ ಕತ್ತರಿ, ಬಣ್ಣದ ಮನೆಯಿಂದ ಸೌಟು. ಹಾಗೆ ದೇವಿಯ ಮುಂದೆ ಇಟ್ಟದ್ದನ್ನು ದಸರೆಯ ಮುಂದಿನ ಕೋಜಾಗಿರಿ ಹುಣ್ಣಿಮೆಯ ತನಕ ಎತ್ತಬಾರದು. ಆದ್ದರಿಂದ ಎಲ್ಲರೂ ತಮಗೆ ಬೇಡವಾದ ಸವಕಲು ಮಾಲನ್ನೇ ಕಳಿಸುತ್ತಿದ್ದರು. ಡಿಸೈನ್ ಕೋಣೆಯಿಂದ ಏನು ಕೊಡಲಿ ಎಂದು ಸ್ನೇಹಲ ಸುತ್ತ ನೋಡಿದಾಗ ಮೇಜಿನ ಕೆಳಗೆ ಧೂಳು ತಿನ್ನುತ್ತಿದ್ದ ಈ ಡಬ್ಬಿ ಕಂಡಿತ್ತು. ಅದೊಂದು ಸ್ಟೆಬಿಲೈಸರ್ ಎಂದೇ ಅವಳು ಮೂರು ವರ್ಷ ತಿಳಿದಿದ್ದಳು. ಹಮಾಲ ಹಣಮಂತಪ್ಪ ಅದನ್ನು ಬಿಚ್ಚುವಾಗ, “ಬಾಯಾರ, ಈ ದಪ್ಪ ವೈರು ಏನ್ ಮಾಡ್ಲಿ?” ಎಂದು ಕೇಳಿದ್ದ. ಬಿಡು, ಹುಣ್ಣಿಮೆ ಆದ ಮೇಲೆ ಹಚ್ಚೋಣ ಎಂದಿದ್ದಳು.

ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಸ್ನೇಹಲ, ಅವಳ ಪಕ್ಕದಲ್ಲಿ ಕಾಗದ ಸುತ್ತಿ ಕಂಕುಳಲ್ಲಿಟ್ಟುಕೊಂಡ ಮಾಸ್ತರರು. ಎಂಐಡಿಸಿಯಲ್ಲಿ ಇಳಿಯದೆ ಇಬ್ಬರೂ ನೇರ ಊರೊಳಗೆ ಸಾಖರ ಪೇಠೆಯ ಶೇಠರ ಮನೆಗೇ ಹೋದರು. ಶೇಠರು ಆಗಲೇ ಹೊರಟುಹೋಗಿದ್ದರು. ಪೇಟೆಯಲ್ಲಿ ತಮ್ಮ ಕೆಲಸ ಮುಗಿಸಿಕೊಂಡು, ಪುಣೆ ಗಾಡಿಗೆ ಬರುವ ನಿಖಿಲನನ್ನು ಸ್ಟೇಷನ್ನಿನಿಂದ ಕಾರ್ಖಾನೆಗೆ ಕರೆದೊಯ್ಯುವವರಿದ್ದರು.

ದೇವರ ಕೋಣೆಯಲ್ಲಿ, ನವರಾತ್ರಿಯ ಘಟದ ಮುಂದೆ ಮೊಳೆತ ಸಸಿಗಳ ನಡುವೆ, ಲಾಳಿ ಕತ್ತರಿಗಳ ಪಕ್ಕದಲ್ಲಿ, ಚೆಂಡುಹೂ ಹೊತ್ತುಕೊಂಡು ಬೂದಿ ಬಣ್ಣದ ಡಬ್ಬಿ ಗಂಭೀರವಾಗಿ ಕೂತಿತ್ತು. ಸ್ನೇಹಲ ಕೈ ಚಾಚಿದ್ದೇ ಹಿಂದಿನಿಂದ ಕಾಶೀಬಾಯಿಯ ಧ್ವನಿ ಬಂತು.

“ಏ ಪೋರಿ! ಎತ್ತಬ್ಯಾಡ! ಹುಣ್ಣಿಮಿ ಶುಕ್ರವಾರ ಐತಿ.”

ಸ್ನೇಹಲ ಬೇಡಿಕೊಂಡಳು. ಪುಣೆಯವನು ಇವತ್ತೇ ಒರೆಸಿ ಹೋಗುತ್ತಾನೆ, ಎರಡು ದಿನ ಕಾಯುವವನಲ್ಲ ಎಂದಳು. ಮಾಸ್ತರರೂ ಒಂದು ಮಾತು ಸೇರಿಸಿದರು. ಕಾಶೀಬಾಯಿಯ ಮನಸ್ಸು ಕರಗಿತು, ಆದರೆ ಪದ್ಧತಿ ಕರಗಲಿಲ್ಲ.

“ನಮ್ಮ ಅತ್ತಿ ಕಾಲದಿಂದ ನಡದದ್ದವಾ. ಒಂದು ಸಲ ನಮ್ಮ ಮಾವ ನಡುವ ಲಾಳಿ ಎತ್ತಿದ್ರು, ಆ ವರ್ಷ ಮಂದಿ ಕೆಲಸ ಬಿಟ್ಟು ಕುಂತ ಗಿರಣಿ ಸಂಪು ಮುಗೀಲೇ ಇಲ್ಲ. ಎತ್ತೂ ಹಂಗಿಲ್ಲ ಅಂದ್ರ ಎತ್ತೂ ಹಂಗಿಲ್ಲ.”

ಸ್ನೇಹಲ ಡಬ್ಬಿಯನ್ನು ನೋಡಿದಳು, ಮುದುಕಿಯನ್ನು ನೋಡಿದಳು. “ಎತ್ತಬಾರದು ಖರೆ. ಮುಟ್ಟಬಹುದೇನ್ರಿ ಆಯಿ?”

“ಮುಟ್ಟಾಕೇನಾತು? ದಿನಾ ಹೂ ಏರಸೂವಾಗ ನಾ ಮುಟ್ಟೂದಿಲ್ಲೇನು?”

“ಹಂಗಾದ್ರ ಆಯಿ, ಡಬ್ಬಿ ಇಲ್ಲೇ ಇರಲಿ. ನಾ ಕಂಪ್ಯೂಟರ್‌ನ ಇಲ್ಲಿಗೆ ತರ್ತೀನಿ.”

ಕಾಶೀಬಾಯಿ ಒಂದು ಕ್ಷಣ ಯೋಚಿಸಿ, ಇದಕ್ಕೆ ಅತ್ತೆಯ ಕಾಲದಲ್ಲಿ ಯಾವ ನಿಷೇಧವೂ ಇರಲಿಲ್ಲವೆಂದು ಖಾತ್ರಿ ಮಾಡಿಕೊಂಡು, “ಕಾಲ ತೊಳಕೊಂಡು ಬರ್ರಿ ಮತ್ತ,” ಎಂದರು.

ಮಾಸ್ತರರನ್ನು ಅಲ್ಲೇ ಬಿಟ್ಟು ಸ್ನೇಹಲ ರಿಕ್ಷಾ ಹಿಡಿದು ಕಾರ್ಖಾನೆಗೆ ಓಡಿದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕೇಳಲು ಯಾರೂ ಇರಲಿಲ್ಲ, ಇದ್ದರೆ ಕೊಡುತ್ತಲೂ ಇರಲಿಲ್ಲ. ಹಣಮಂತಪ್ಪ ಮತ್ತು ಅವಳು ಯಂತ್ರವನ್ನೂ, ಆಡಿನ ಮರಿಯಷ್ಟು ತೂಕದ ಪರದೆಯನ್ನೂ ನಾಲ್ಕು ಹೊಸ ಚಾದರಗಳಲ್ಲಿ ಸುತ್ತಿ ಟೆಂಪೋದಲ್ಲಿ ಇಟ್ಟರು. ದಾರಿಯುದ್ದಕ್ಕೂ ಗುಂಡಿ ಬಂದಲ್ಲೆಲ್ಲ ಸ್ನೇಹಲ ಯಂತ್ರವನ್ನು ತಬ್ಬಿಕೊಂಡು ಕೂತಳು. ಮುನ್ನೂರ ಹನ್ನೆರಡು ಡಿಸೈನು ಅವಳ ತೊಡೆಯ ಮೇಲಿದ್ದವು. ಹೊರಡುವಾಗ ವಾಚಮನ್ನನಿಗೆ ಅವಳು ಹೇಳಿದ್ದು ಒಂದೇ ಮಾತು: “ಮಾಲಕ್ರು ಬಂದ್ರ, ಕಂಪ್ಯೂಟರ್ ದೇವರ ದರ್ಶನಕ್ಕ ಹೋಗ್ಯಾದ ಅಂತ ಹೇಳು.”

ದೇವರ ಕೋಣೆಯಲ್ಲಿ ಜಾಗ ಸಣ್ಣದು. ದೀಪದ ಸರಕ್ಕೆಂದಿದ್ದ ಒಂದೇ ಪ್ಲಗ್ಗು ಸಾಲದೆ ಪಡಸಾಲೆಯಿಂದ ಇನ್ನೊಂದು ಬೋರ್ಡು ಎಳೆದು ತಂದರು. ಡಬ್ಬಿಯನ್ನು ಅಲುಗಿಸದೆ ಅದರ ಹಿಂದೆ ವೈರು ತಿರುಪಿ ಬಿಗಿಯಬೇಕಾದರೆ ಒಂದೇ ದಾರಿ. ಹಣಮಂತಪ್ಪ ದೇವಿಯ ಮುಂದೆ ಉದ್ದಕ್ಕೆ ಬೋರಲು ಮಲಗಿ, ಸಸಿಗಳ ಪಕ್ಕದಿಂದ ಕೈ ತೂರಿಸಿದ. ಕುಡಿದು ಜಗಳಾಡಿ ಬಂದು ಹರಕೆ ಹೊತ್ತ ದಿನವೂ ಅವನು ಅಷ್ಟು ಹೊತ್ತು ಸಾಷ್ಟಾಂಗ ಹಾಕಿದವನಲ್ಲ. ದಪ್ಪ ವೈರು ಕೂತಿತು. ಡಬ್ಬಿಗೆ ಬೇರೆ ಕರೆಂಟಿನ ವೈರು, ಬೇರೆ ಗುಂಡಿ. ಒತ್ತಿದಾಗ ಚೆಂಡುಹೂವಿನ ಕೆಳಗೆ ಒಂದು ಹಸಿರು ದೀಪ ಹತ್ತಿತು, ಒಳಗಿನಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು ಬಂತು.

“ಜೀವ ಐತಿ,” ಎಂದರು ಮಾಸ್ತರರು.

ಅಷ್ಟರಲ್ಲಿ ಬಾಗಿಲಲ್ಲಿ ಗಲಾಟೆ. ದಾಮೋದರ ಶೇಠರು ಕೆಂಪಾಗಿ, ಬೆವೆತು, ಸೂಟ್‌ಕೇಸು ಹಿಡಿದ ನಿಖಿಲನನ್ನು ಹಿಂದೆ ಹಾಕಿಕೊಂಡು ಬಂದಿದ್ದರು. “ಯಾರಿಗ ಕೇಳಿ ತಂದಿ? ತಲಿ ನೆಟ್ಟಗ ಐತೋ ಇಲ್ಲೋ ನಿಂದು?” ಎಂದು ಒಳಗೆ ನುಗ್ಗಲು ಹೋದರು.

“ದಾಮ್ಯಾ, ಕಾಲ ತೊಳಿ,” ಎಂದರು ಕಾಶೀಬಾಯಿ. “ಆ ಪೋರಗೂ ಹೇಳು.”

ಮಾಲಕರು ಬಚ್ಚಲಿಗೆ ಹೋದರು. ಪುಣೆಯ ಇಂಜಿನಿಯರ್ ಷೂ ಬಿಚ್ಚಿ, ಸಾಕ್ಸ್ ಬಿಚ್ಚಿ, ಪ್ಯಾಂಟು ಮಡಚಿಕೊಂಡು ಅವರ ಹಿಂದೆ ಹೋದ. ಅವರು ಬರುವಷ್ಟರಲ್ಲಿ ಸ್ನೇಹಲ ಯಂತ್ರವನ್ನು ಚಾಲೂ ಮಾಡಿ, ಎರಡು ಕೀಲಿ ಒತ್ತಿ, ‘ಓಕೆ’ ಎನಿಸಿ ಆಗಿತ್ತು. ಯಾವ ಡಿಸ್ಕು ಕಾಣುತ್ತದೆ ಎಂದು ಕೇಳಿದಳು. ಪರದೆಯ ಮೇಲೆ ಎರಡು ಸಾಲು ಬಂದವು. ನಂಬರ್ ಒಂದು. ನಂಬರ್ ಮೂರು.

ನಿಖಿಲ ಒದ್ದೆ ಕಾಲಲ್ಲೇ ಹತ್ತಿರ ಬಂದು ಬಗ್ಗಿ ನೋಡಿದ. ಇನ್ನೊಂದು ಡಿಸ್ಕ್ ಇಲ್ಲ ಎಂದಿದ್ದಿರಲ್ಲ ಎಂದು ಮರಾಠಿಯಲ್ಲಿ ಕೇಳಿದ. ಸ್ನೇಹಲಳ ಬೆರಳುಗಳು ಎರಡು ದಿನದಿಂದ ನೂರು ಸಲ ಹೊಡೆದ ದಾರಿಯನ್ನೇ ಹಿಡಿದವು. ಬೂಟ್ ಡಿಸ್ಕ್.

ಯಂತ್ರ ಗುರುಗುಟ್ಟಿತು. ಸಿಕ್ಕಿದ್ದು ನಡೆಸುವಂಥ ಸಿಸ್ಟಮ್ಮೇ ಅಲ್ಲ ಎಂದಿತು.

“ಮುಗೀತಿಲ್ಲೋ!” ಎಂದರು ಶೇಠರು. ನಿಖಿಲ ತನ್ನ ಸೂಟ್‌ಕೇಸಿನ ಕಡೆ ತಿರುಗಿದ. ಆಗ ಮಾಸ್ತರರು ತಮ್ಮ ಕಾಗದವನ್ನು ಪರದೆಯ ಪಕ್ಕಕ್ಕೆ ಹಿಡಿದು, ಕನ್ನಡಕ ಹಣೆಗೇರಿಸಿ, ಮಗ್ಗದ ಕಾರ್ಡು ತಪಾಸಿಸುವವರಂತೆ ಒಮ್ಮೆ ಅದನ್ನೂ ಒಮ್ಮೆ ಇದನ್ನೂ ನೋಡಿದರು.

“ಯವ್ವಾ, ಕಡೀ ಮನಿ ಖಾಲಿ ಬಿಟ್ಟಿ ನೋಡು. ನನ್ನ ಕಾಗದದಾಗ ಅಲ್ಲೊಂದು ನಿಂತ ಗೆರಿ ಐತಿ. ಏಳು ಮನಿ ಎತ್ತರದ್ದು.”

ಸ್ನೇಹಲ ನೋಡಿದಳು. ಆ ಸಾಲಿನ ಕೊನೆಯಲ್ಲಿ, ಡಿಸ್ಕ್ ಎಂಬುದಕ್ಕೆ ಅಂಟಿಕೊಂಡು, ಒಂದು ಎಂಬ ಅಂಕಿ. ಬರೀ ಡಿಸ್ಕ್ ಎಂದರೆ ಯಂತ್ರ ಹುಟ್ಟಾ ರೂಢಿಯಂತೆ ಮೂರನೆಯದರ ಕಡೆಗೇ, ಗೋದಾಮಿನ ಕಡೆಗೇ ಓಡುತ್ತಿತ್ತು. ಮೊದಲು ಅದಕ್ಕೆ ಒಂದನೆಯದು ಎಂದು ನೆನಪಿತ್ತು. ಬ್ಯಾಟರಿ ಸತ್ತು ಆ ನೆನಪೂ ಹೋಗಿತ್ತು. ಈಗ ಮುನೀಮನನ್ನು ಹೆಸರು ಹಿಡಿದು ಕೂಗಬೇಕಿತ್ತು, ಅಷ್ಟೇ.

ಬೂಟ್ ಡಿಸ್ಕ್ ಒಂದು. ಎಂಟರ್.

ಚೆಂಡುಹೂವಿನ ಕೆಳಗಿನ ಡಬ್ಬಿ ಕಟಕಟ ಎಂದಿತು. ಪರದೆಯ ಮೇಲೆ ಒಂದು ಸಣ್ಣ ಗೆರೆ ಗಿರಗಿರನೆ ತಿರುಗಿತು. ಒಂದು ಸಾಲು ಬಂತು. ಇನ್ನೊಂದು. ಆಮೇಲೆ ಸಾಲಿನ ಮೇಲೆ ಸಾಲು ಮೇಲಕ್ಕೆ ಏರತೊಡಗಿದವು. ಮಾಸ್ತರರು ಪೆನ್ಸಿಲು ಹಿಡಿದು ತಮ್ಮ ಕಾಗದದ ಒಂದೊಂದು ಸಾಲಿಗೂ ಗುರುತು ಹಾಕುತ್ತ ಹೋದರು. “ಬರೋಬರ... ಇದೂ ಬರೋಬರ... ಜರಾ ನಿಂದ್ರಂತ ಹೇಳವಾ ಅದಕ್ಕ, ಓಡಾಕತ್ತೇತಿ!” ಒಂದು ಕಡೆ ಮಾತ್ರ ಯಂತ್ರ ತನಗೆ ಇಸವಿ ತಿಳಿಯದು, ಯಾರಾದರೂ ಹೇಳಿ ಎಂದು ದೂರಿತು. ಅಷ್ಟು ಮರೆವು ಕ್ಷಮಿಸಬಹುದಾಗಿತ್ತು. ಕೊನೆಗೆ ಓಟ ನಿಂತು, ನೀವು ಯಾರು ಎಂದು ಅದು ಕೇಳಿತು.

ಸ್ನೇಹಲ ತನ್ನ ಹೆಸರು ಬರೆದಳು. ಗೋದಾಮಿನ ಬಾಗಿಲು ತೆರೆಯಿತು. ಎಷ್ಟಿವೆ ಎಂದು ಎಣಿಸಲು ಹೇಳಿದಳು. ಮುನ್ನೂರ ಹನ್ನೆರಡು.

ಅವಳು ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ. ಹಣಮಂತಪ್ಪ ಗಂಟೆ ಬಾರಿಸಿಬಿಟ್ಟ. ನಿಖಿಲ ಮಾಸ್ತರರ ಕೈಯಿಂದ ಕಾಗದ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಕಾಗದ ಇರದಿದ್ದರೆ ಈ ಹೊತ್ತಿಗೆ ಎಲ್ಲ ಒರೆಸಿಬಿಟ್ಟಿರುತ್ತಿದ್ದೆ, ತಪ್ಪು ನನ್ನದೂ ಇದೆ ಎಂದು ನೇರವಾಗಿ ಒಪ್ಪಿಕೊಂಡ. ಬದಲಿಗೆಂದು ತಂದಿದ್ದ ಹೊಸ ಡಿಸ್ಕನ್ನು ಜೋಡಿಸಿ, ಅಲ್ಲೇ ಚಕ್ಕಲ ಬಕ್ಕಲ ಹಾಕಿ ಕೂತು, ಎಲ್ಲದರ ನಕಲು ಇಳಿಸಲು ಶುರುಮಾಡಿದ. ಹೊಸ ಬ್ಯಾಟರಿ ಕಳಿಸುವ ತನಕ ಪ್ರತಿ ಸಲವೂ ಆ ಒಂದನ್ನು ಸೇರಿಸಿಯೇ ಕೂಗಿರಿ ಎಂದು ಸ್ನೇಹಲಳಿಗೆ ಹೇಳಿದ. ಅದನ್ನು ಅವಳಿಗೆ ಹೇಳಬೇಕಾಗಿರಲಿಲ್ಲ.

ಮಾಸ್ತರರು ಮೊದಲನೆಯ ಡಿಸೈನು ತೋರಿಸು ಎಂದರು. ೧೯೫೪ರಲ್ಲಿ ಬರೆದ ಜೋಡಿ ನವಿಲು ಪರದೆ ತುಂಬಿ ನಿಂತಿತು. ಅವರು ಮೂಗು ತಾಗುವಷ್ಟು ಹತ್ತಿರ ಹೋದರು.

“ಎಡಗಡಿ ನವಿಲಿನ ಕಣ್ಣಾಗ ಒಂದು ಮನಿ ಹೆಚ್ಚಿಗಿ ಬಿದ್ದದ. ಅವತ್ತ ಕೈ ತಪ್ಪಿತ್ತು. ಇಷ್ಟು ವರ್ಷ ಯಾರೂ ಹಿಡೀಲಿಲ್ಲ.”

“ತಗದುಬಿಡ್ಲೇನ್ರಿ ಮಾಸ್ತರ? ಒಂದು ಗುಂಡಿ ಒತ್ತಿದ್ರ ಆತು.”

“ಬ್ಯಾಡ ಬ್ಯಾಡ,” ಎಂದು ಅವರು ಕಣ್ಣೊರೆಸಿಕೊಂಡರು. “ಇದ್ಹಂಗ ಇರಲಿ. ಅದು ಐತಿ ಅಂತನ ಇದು ನಂದು ಅಂತ ಗುರ್ತು ಸಿಕ್ತು.”

ಎಲ್ಲ ಸುಸೂತ್ರವಾದ ಮೇಲೆ ಶೇಠರಿಗೆ ತಾವು ಮಾಲಕರೆಂಬುದು ನೆನಪಾಯಿತು. ಗಂಟಲು ಸರಿಮಾಡಿಕೊಂಡು, “ಅಲ್ಲ, ಈ ಡಬ್ಬಿ ಇಲ್ಲಿಗೆ ಯಾರು ಕಳಿಸಿದ್ದು? ಅದನ್ನ ಹೇಳ್ರಿ ಮೊದಲ,” ಎಂದರು.

ಹಣಮಂತಪ್ಪ ನೆಲ ನೋಡಿದ. ಹೊತ್ತು ತಂದವನು ಅವನು. ಹೆಸರು ಹೇಳದೆ ಬಿಟ್ಟರೆ ಅವನ ತಲೆಗೇ ಬರುತ್ತಿತ್ತು. ಸ್ನೇಹಲ ಎದ್ದು ನಿಂತಳು.

“ನಾನ ಕಳ್ಸೀನ್ರಿ ಮಾಲಕ್ರ. ಕೆಲಸಕ್ಕ ಬಾರದ್ದು ಅಂತ ತಿಳದು ಕಳ್ಸಿದ್ನಿ. ತಪ್ಪು ನಂದು.”

ಶೇಠರು ಬಾಯಿ ತೆರೆದರು. ಅವರ ಹೊಟ್ಟೆಯಲ್ಲಿ ಇನ್ನೂ ಸಾಕಷ್ಟು ಉಳಿದಿತ್ತು. ಆದರೆ ಅವರಿಗಿಂತ ಮೊದಲು ಕಾಶೀಬಾಯಿ ಮಾತಾಡಿದರು.

“ಸುಮ್ಕಿರು ದಾಮ್ಯಾ. ನಾ ಈ ಮನಿಗಿ ಬಂದು ಅರವತ್ತ ವರ್ಷ ಆತು. ಆ ಕತ್ತರಿ ನೋಡು, ಜಂಗು ಹಿಡದದ. ಆ ಲಾಳಿ ತುದಿ ಮುರದದ. ಎಲ್ಲಾರೂ ದೇವಿಗಿ ಬ್ಯಾಡಾದ್ದನ್ನ ಕಳಸ್ತೀರಿ, ನನಗೇನ್ ಕಣ್ಣಿಲ್ಲೇನು? ಕಾರ್ಖಾನಿ ಜೀವಾನ ತಂದು ಆಕಿ ಮುಂದ ಇಟ್ಟಾಕಿ ಇವಳೊಬ್ಬಾಕಿ. ದೇವಿ ಅದನ್ನ ಕಾದು ಕೊಟ್ಲು.”

ಕಾಶೀಬಾಯಿ ಕುಂಕುಮದ ಬಟ್ಟಲು ಎತ್ತಿ ಡಬ್ಬಿಗೆ ಒಂದು ಬೊಟ್ಟು ಇಟ್ಟು, ಅದೇ ಬೆರಳಿನಿಂದ ಸ್ನೇಹಲಳ ಹಣೆಗೂ ಇಟ್ಟರು. ಹುಣ್ಣಿಮೆಗೆ ಇನ್ನೂ ಎರಡು ದಿನವಿತ್ತು, ಅಲ್ಲಿಯ ತನಕ ಡಿಸೈನ್ ಕೋಣೆ ಇದೇ ಎಂದು ಹೇಳಿ, ಶಿರಾ ಮಾಡಲು ಒಳಗೆ ಹೋದರು.